ಹೇಳಿ ಕಳಿಸಬೇಕಾದ ಮನೆಗಳು

ನಾನು ಮದುವೆಯಾಗಿ ಚಾಮರಾಜಪೇಟೆಗೆ ಬಂದ ಮರುವರ್ಷ ನಮ್ಮ ಬೀದಿಯಲ್ಲಿ ಬಹಳ ಜನಕ್ಕೆ ಕಾಮಾಲೆಯಾಯಿತು. ರಸ್ತೆ ಅಗೆಯುವಾಗ ಕೊಳವೆ ಒಡೆದು ನಲ್ಲಿ ನೀರಿಗೆ ಚರಂಡಿ ನೀರು ಸೇರಿತ್ತು. ಮೇಲಿನ ಬೀದಿಯವರಿಗೆ ಸುದ್ದಿ ಮೊದಲೇ ಸಿಕ್ಕಿತ್ತು. ನಮಗೆ ತಿಳಿಯುವಷ್ಟರಲ್ಲಿ ಎಲ್ಲರೂ ಕುಡಿದಾಗಿತ್ತು.

ನಮ್ಮ ಮಾವ ಆಗಷ್ಟೇ ಡ್ರಾಯಿಂಗ್ ಮೇಷ್ಟರ ಕೆಲಸದಿಂದ ನಿವೃತ್ತರಾಗಿದ್ದರು. ಇನ್ನೊಮ್ಮೆ ಹೀಗಾಗಬಾರದೆಂದು ಮನೆಮನೆಗೂ ಹೋಗಿ ಯಾರಿದ್ದಾರೆ, ಫೋನು ಇದೆಯೇ, ಇಲ್ಲದಿದ್ದರೆ ಯಾರ ಮನೆಯವರು ಬಂದು ಹೇಳಬೇಕು ಎಂದು ಬರೆದುಕೊಂಡರು. ಭಾನುವಾರಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಫೋನಿದ್ದ ಮನೆಗಳು ಬೆರಳೆಣಿಕೆಯಷ್ಟು. ನಮ್ಮದೂ ಒಂದು. ಹಾಗಾಗಿ ನಮ್ಮ ಹಿಂದಿನ ವಠಾರಕ್ಕೆ ಸುದ್ದಿ ಮುಟ್ಟಿಸುವ ಹೊಣೆ ನಮ್ಮ ಪಾಲಿಗೆ ಬಂತು.

ವಠಾರದ ಕೊನೇ ಮನೆಯಲ್ಲಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳಿದ್ದಳು. ಅವಳಿಗೂ ನಮ್ಮ ಅತ್ತೆಗೂ ಹಿತ್ತಲ ನಲ್ಲಿಯ ವಿಷಯಕ್ಕೆ ಜಗಳವಾಗಿ ಮಾತು ನಿಂತಿತ್ತು. ಹೆಸರು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ನಮ್ಮಂಥವರಿಗೆ ಯಾರು ಹೇಳಿ ಕಳಿಸ್ತಾರೆ ಎಂದಳು. ನಾವಿದ್ದೀವಲ್ಲ ಎಂದು ಮಾವ ಒಪ್ಪಿಸಿದರು. ಬಾಣಂತನಕ್ಕೆ ಬಂದಿದ್ದ ತುಂಬು ಬಸುರಿ ಮಗಳ ಹೆಸರನ್ನೂ ಬರೆಸಿದಳು.

ಮಳೆಗಾಲದ ಒಂದು ದಿನ ಮೇಲಿನ ಬೀದಿಯಿಂದ ಫೋನು ಬಂತು. ನೀರು ಮತ್ತೆ ಕೆಟ್ಟಿದೆ, ಕಾಯಿಸದೆ ಯಾರೂ ಕುಡಿಯಬಾರದು ಎಂದು. ಮಾವ ಊರಲ್ಲಿರಲಿಲ್ಲ, ನಾನು ಆಫೀಸಿನಲ್ಲಿದ್ದೆ. ಎತ್ತಿಕೊಂಡವರು ಅತ್ತೆ. ಸಂಜೆ ನಾನು ಬಂದಾಗ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಎಲ್ಲರಿಗೂ ಹೇಳಿದಿರಾ ಎಂದು ಕೇಳಿದೆ. ಹೇಳಾಯ್ತು ಎಂದರು. ನಾನು ಮತ್ತೆ ಕೇಳಲಿಲ್ಲ, ಹಿತ್ತಲ ಬಾಗಿಲು ತೆಗೆದೂ ನೋಡಲಿಲ್ಲ.

ಕೊನೇ ಮನೆಗೆ ಅವರು ಹೋಗಿರಲಿಲ್ಲ.

ಎರಡು ದಿನಕ್ಕೆ ಆ ಬಸುರಿ ಹುಡುಗಿಗೆ ವಾಂತಿ ಭೇದಿ ಹತ್ತಿಕೊಂಡಿತು. ಆಟೋದಲ್ಲಿ ಮಲಗಿಸಿಕೊಂಡು ಹೋಗುವಾಗ ಅವಳ ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಅತ್ತೆ ಗೇಟಿನವರೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಆ ದಿನ ಊಟ ಬಡಿಸಿದರು, ತಾವು ಕೂರಲಿಲ್ಲ. ಅಡಿಗೆಮನೆಯಲ್ಲಿ ನನ್ನೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

"ಬಾಗಿಲಿಗೆ ಬೀಗ ಇತ್ತು, ಆಮೇಲೆ ಹೋಗೋಣ ಅಂದ್ಕೊಂಡೆ. ಮರೆತೇಹೋಯ್ತು. ನಿಜವಾಗ್ಲೂ ಮರೆತ್ನೋ, ಮರೆಯೋಕೆ ಮನಸ್ಸಿತ್ತೋ, ನಂಗೇ ಗೊತ್ತಾಗ್ತಿಲ್ಲ ಕಣೇ."

ನಾನು ಪಾತ್ರೆ ತೊಳೆಯುತ್ತ ನಿಂತೆ. ಊರಿಂದ ಬಂದ ಮಾವ ವಿಷಯ ಕೇಳಿ ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಸುಲಭವಾಗುತ್ತಿತ್ತೇನೋ. ಹೆಂಡತಿಯ ಮುಖ ನೋಡದೆ ವಠಾರದ ಮನೆಗಳಿಗೆ ಹೋಗಿ ಒಬ್ಬೊಬ್ಬರನ್ನೂ ವಿಚಾರಿಸಿಕೊಂಡು ಬಂದರು.

ಹುಡುಗಿಗೆ ಬಾಟಲಿಗಟ್ಟಲೆ ಗ್ಲೂಕೋಸು ಏರಿಸಿದರು. ಬದುಕಿಕೊಂಡಳು, ಹೊಟ್ಟೆಯಲ್ಲಿದ್ದ ಮಗುವೂ ಉಳಿಯಿತು. ಅವಳು ಮನೆಗೆ ಬಂದ ದಿನ ಅತ್ತೆ ಗಂಜಿ ಮಾಡಿ ಡಬ್ಬಿಗೆ ಹಾಕಿಕೊಂಡು, ನೀನೂ ಬಾ ಎಂದು ನನ್ನನ್ನು ಕರೆದರು. ಸೊಪ್ಪಿನಾಕೆ ಹೊಸ್ತಿಲಲ್ಲಿ ಕೂತು ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಳು. ಅತ್ತೆ ನಿಂತೇ ಎಲ್ಲವನ್ನೂ ಹೇಳಿದರು, ಬೀಗದ ಮಾತನ್ನು ಮಾತ್ರ ಎತ್ತಲಿಲ್ಲ.

ಅವಳ ಕೈ ನಿಲ್ಲಲಿಲ್ಲ. "ಗೊತ್ತಮ್ಮ. ಪಕ್ಕದ ಮನೆಯೋರು ಹೇಳಿದ್ರು. ಅವರಿಗೆಲ್ಲ ಹೇಳಿದ್ರಂತಲ್ಲ ನೀವು. ನನ್ನ ಮೇಲೆ ಕೋಪ ಇದ್ರೆ ಇರ್ಲಿ. ಒಳಗಿದ್ದ ಮಗಳು ಏನು ಮಾಡಿದ್ಲು?"

ಅತ್ತೆ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟರು. ಕೈಯಲ್ಲಿದ್ದ ಕಟ್ಟು ಮುಗಿಸಿ ಸೊಪ್ಪಿನಾಕೆ ಅದನ್ನು ತೆಗೆದುಕೊಂಡು ಒಳಗೆ ಹೋದಳು, ತೊಳೆದು ತಂದು ಕೊಟ್ಟಳು. ಕೂತ್ಕೊಳ್ಳಿ ಎನ್ನಲಿಲ್ಲ.

ಬೇರೆ ಯಾರಿಗಾದರೂ ಈ ಕೆಲಸ ವಹಿಸಿ ಎಂದು ಅತ್ತೆ ಮಾವನಿಗೆ ಹೇಳಿದರು. ಬೇರೆ ಮನೆಯವರಿಗೆ ಬಿಡಲು ಮಾವ ಒಪ್ಪಲಿಲ್ಲ, ಆ ಹೊಣೆ ನನಗೆ ಬಂತು. ಸಂಜೆ ಬಂದವಳು ಒಮ್ಮೆ ಹಿತ್ತಲಿಗೆ ಹೋಗಿದ್ದರೆ ಆಗುತ್ತಿತ್ತು ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ನನಗೆ ಹೇಳಲಿಲ್ಲ.

ಹೆಣ್ಣು ಮಗು ಹುಟ್ಟಿತು, ಸಣ್ಣಗಿದ್ದರೂ ಗಟ್ಟಿಯಾಗಿತ್ತು. ನಾಮಕರಣಕ್ಕೆ ಸೊಪ್ಪಿನಾಕೆಯೇ ಬಂದು ಕುಂಕುಮ ಕೊಟ್ಟು ಕರೆದಳು. ಅತ್ತೆ ಬೆಳಗ್ಗೆಯೇ ಸೀರೆ ಉಟ್ಟು ತಯಾರಾದರು. ನಡುಮನೆಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು, ಕೊನೆಗೆ ಉಡುಗೊರೆಯ ಲಂಗವನ್ನು ನನ್ನ ಕೈಗಿಟ್ಟು, ನೀನೇ ಹೋಗಿ ಬಾ ಎಂದರು.