ಕೇಬಲ್ಲಿನ ಬಾಯಿ ಮುಚ್ಚಳ

ಕಂಪ್ಯೂಟರ್ ಕೈಕೊಟ್ಟಾಗ ಮೊದಲೆಲ್ಲ ನಾನು ಅದರ ತಲೆಗೆ ಮೆಲ್ಲಗೆ ತಟ್ಟುತ್ತಿದ್ದೆ. ರೇಡಿಯೋ, ಟಿವಿಗಳನ್ನು ತಟ್ಟಿ ತಟ್ಟಿ ಬೆಳೆದ ಕೈ, ಸುಮ್ಮನಿರಬೇಕಲ್ಲ!

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಮಹಡಿ ಮೇಲೆ ನಾನು ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಜೋಡಿಸುತ್ತಿದ್ದೆ, ಕೆಳಗೆ ಅಣ್ಣ ತನ್ನ ಕಂಪ್ಯೂಟರಿನಿಂದ ಪ್ರಿಂಟು ತೆಗೆಯುತ್ತಿದ್ದ. ಮೆಟ್ಟಿಲ ಗೋಡೆಗುಂಟ ಎರಡೂ ಕಂಪ್ಯೂಟರುಗಳನ್ನು ಜೋಡಿಸುವ ಒಂದು ಕರಿ ಕೇಬಲ್. ನಮ್ಮಿಬ್ಬರ ನಡುವೆ ಆಗ ಉಳಿದಿದ್ದ ಸಂಪರ್ಕ ಅದೊಂದೇ. ಹರಿಹರದಲ್ಲಿ ಅವನ ಮಾವ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ನಾನು ಹೋಗಿರಲಿಲ್ಲ. ಹರಿಹರವೇನು ಕಾಶಿಯಲ್ಲ, ಬಾಯಲ್ಲಿಟ್ಟ ಎಲೆಅಡಿಕೆ ಮುಗಿಯುವುದರೊಳಗೆ ಬಸ್ಸು ಮುಟ್ಟುತ್ತದೆ. ಶುದ್ಧ ಸೋಮಾರಿತನ. ಅಣ್ಣ ಮಾತು ಬಿಟ್ಟ, ನಾನೂ ಬಿಟ್ಟೆ. ಒಳಗೊಳಗೇ ಸಂಕಟ. ಆದರೆ ತಮ್ಮನಿಗೂ ಒಂದು ಬಿಗುಮಾನ ಇರುತ್ತದಲ್ಲ!

ಒಂದು ಬೆಳಿಗ್ಗೆ ಕೇಬಲ್ಲೂ ಮಾತು ಬಿಟ್ಟಿತು. ಕಡರನಾಯಕನಹಳ್ಳಿಯ ಗೌಡರು ಮಗಳ ಮದುವೆ ಕಾರ್ಡಿಗಾಗಿ ಕೆಳಗೆ ಬಂದು ಕೂತಿದ್ದರು. ಹೊಗೆಯಿದ್ದಲ್ಲಿ ಬೆಂಕಿ ಎನ್ನುತ್ತದೆ ತರ್ಕಶಾಸ್ತ್ರ. ನೆಟ್‌ವರ್ಕು ಕೆಟ್ಟರೆ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಒಬ್ಬ ತಂತಿ ಅಲ್ಲಾಡಿಸಬೇಕು, ಇನ್ನೊಬ್ಬ ಲೈನು ಬಂತೇ ಎಂದು ನೋಡಿ ಹೇಳಬೇಕು. ಅಣ್ಣನನ್ನು ಕೇಳಲು ಅವ್ವನನ್ನು ಕಳಿಸಿದೆ. ಹತ್ತಿ ಇಳಿದು ಸಾಕಾಗಿ ಅವಳು ನಡುಮೆಟ್ಟಿಲಲ್ಲೇ ಕೂತುಬಿಟ್ಟಳು.

"ನನ್ನ ಮಣಕಾಲು ಬಿದ್ದೋದ್ವು. ನೀವ ಕೇಳ್ಕಳ್ರಪ್ಪ."

ಕೊನೆಗೆ ಕೆಳಗಿನಿಂದ ಅಣ್ಣನ ದನಿ: "ಬಂತೇನಲೇ?"

"ಇಲ್ಲಣ್ಣ!"

"ಈಗ?"

"ಈಗ್ಲೂ ಇಲ್ಲ!"

ಒಂದು ವಸ್ತು ಕೆಟ್ಟು ಕೂತಿದ್ದಕ್ಕೆ ನನಗೆ ಅಷ್ಟು ಖುಷಿ ಹಿಂದೆಂದೂ ಆಗಿರಲಿಲ್ಲ.

ಕೆಳಗಿಳಿದು ಇಬ್ಬರೂ ಬಗ್ಗಿ ನೋಡಿದರೆ, ಅವನ ಕಡೆಯ ತುದಿಗಿದ್ದ ಪುಟ್ಟ ಮುಚ್ಚಳವೇ ಇಲ್ಲ. ಆ ಬಗೆಯ ಕೇಬಲ್ಲಿಗೆ ಎರಡೂ ತುದಿಗೆ ಮುಚ್ಚಳ ಬೇಕು. ಒಂದು ಹೋದರೂ ಇಡೀ ಲೈನು ಮೂಕ. ಹುಡುಕಿದಾಗ ಸಿಕ್ಕಿದ್ದು ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕ.

"ಇದನ್ಯಾಕ ತೆಗ್ದಿ ಅವ್ವ?" ಎಂದ ಅಣ್ಣ.

"ನೀವಂತೂ ಮಾತಾಡಂಗಿಲ್ಲ. ಆ ವಯರ್‌ಗೂ ಬಾಯಿ ಮುಚ್ಚಿಟ್ಟೀರಿ. ಅದಾದ್ರೂ ಮಾತಾಡ್ಲಿ ಅಂತ ತೆಗ್ದೆ."

ಗೌಡರು ಜೋರಾಗಿ ನಕ್ಕರು. ನಾವಿಬ್ಬರೂ ನೆಲ ನೋಡಿದೆವು. ಅಣ್ಣ ಮುಚ್ಚಳ ತಿರುಗಿಸಿ ಹಾಕಿದ, ಕಾರ್ಡು ಹೊರಬಂತು.

ಅವ್ವ ಮಾಡಿದ್ದು ತಪ್ಪೆಂದು ಕಂಪ್ಯೂಟರ್ ಬಲ್ಲವರೆಲ್ಲ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಅಂದಿನಿಂದ ಕಂಪ್ಯೂಟರಿನ ತಲೆ ತಟ್ಟುವುದು ಬಿಟ್ಟೆ. ಲೈನು ಕೆಟ್ಟಾಗ, ಕೆಲವೊಮ್ಮೆ ಕೆಡದಿದ್ದಾಗಲೂ, ಮೆಟ್ಟಿಲ ಹತ್ತಿರ ಬಂದು "ಅಣ್ಣಾ, ಬಂತಾ?" ಎಂದು ಕೂಗುತ್ತಿದ್ದೆ.