ಚಿಕ್ಕಪ್ಪನ ಮದುವೆಯ ನೀರಿನ ತೊಟ್ಟಿ

ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದಾಗ, ಬೆಲ್ಲ ನೀರು ಮುಗಿದ ಕೂಡಲೇ ಕೇಳುತ್ತಿದ್ದ ಮೊದಲ ಮಾತು ಹೊಲದ ವಿಷಯವಾಗಿರಲಿಲ್ಲ, ಗಂಡಿನ ವಿಷಯವಂತೂ ಆಗಿರಲೇ ಇಲ್ಲ. “ಹಗ್ಗ ತೋರ್ಸ್ರಿ” ಎನ್ನುತ್ತಿದ್ದರು. ನೀರು ಸೇದುವ ಹಗ್ಗವನ್ನು ಹಿರಿಯರೊಬ್ಬರು ಎರಡು ತೋಳು ಚಾಚಿ ಮಾರು ಮಾರಾಗಿ ಅಳೆಯುವರು. ಹಗ್ಗ ಎಷ್ಟು ಉದ್ದವೋ ಬಾವಿ ಅಷ್ಟು ಆಳ. ಬಾವಿ ಎಷ್ಟು ಆಳವೋ ಮಗಳ ಕಷ್ಟ ಅಷ್ಟು. ಇದಕ್ಕಿಂತ ನೇರವಾದ ತರ್ಕವನ್ನು ನಾನು ಮೈಸೂರಿನ ಕಾಲೇಜಿನಲ್ಲಿಯೂ ಕಂಡವನಲ್ಲ.

ಹಿರಿಯೂರಿನಿಂದ ಧರ್ಮಪುರದ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಊರಿಗೆ ಸಿಹಿನೀರಿನ ಬಾವಿ ಒಂದೇ ಇತ್ತು. ಅದು ಊರಿನಿಂದ ಎಷ್ಟು ದೂರವೆಂದರೆ, ಹೆಂಗಸರು ಮನೆಯ ಬಾಗಿಲಲ್ಲಿ ಒಂದು ಜಗಳವನ್ನು ಆರಂಭಿಸಿದರೆ ಅದು ಬೆಳೆದು, ಮೂಲಪುರುಷರವರೆಗೆ ಹೋಗಿ, ರಾಜಿಯಾಗಿ, ಬಾವಿಕಟ್ಟೆಯ ಹತ್ತಿರ ಮತ್ತೆ ಹೊಸದೊಂದು ಹುಟ್ಟುವಷ್ಟು ಸಮಯ ಹಿಡಿಯುತ್ತಿತ್ತು. ಅಂಥ ಊರಿನಲ್ಲಿ ನನ್ನ ಚಿಕ್ಕಪ್ಪನಿಗೆ ಹೆಣ್ಣು ಸಿಕ್ಕಿರಲಿಲ್ಲ. ಆತ ನನ್ನ ತಂದೆಯ ಕಡೆಯ ತಮ್ಮ. ನನಗಿಂತ ಕೆಲವೇ ವರ್ಷ ಹಿರಿಯ. ಕಡಲೆಕಾಯಿಯ ವ್ಯಾಪಾರದಲ್ಲಿ ಚುರುಕು, ಮೀಸೆಯ ವಿಷಯದಲ್ಲಿ ಬಹಳ ಶ್ರದ್ಧೆ. ಮೊದಲು ಬಂದ ಬೀಗರು ನಮ್ಮ ಜಗಲಿಯ ಮೇಲೆ ಹಗ್ಗ ಅಳೆಯಲು ತೊಡಗಿ, ಅಳೆಯುತ್ತ ಅಂಗಳಕ್ಕಿಳಿದು, ಅಂಗಳ ದಾಟಿ ಬೀದಿಗೆ ಹೋಗಿ, ಬೀದಿಯಲ್ಲಿ ನಿಂತಿದ್ದ ತಮ್ಮ ಗಾಡಿಯನ್ನು ಹಾಗೆಯೇ ಹತ್ತಿ ಹೊರಟುಹೋಗಿದ್ದರು. ಎರಡನೆಯವರು ಬಂದಾಗ ಅಜ್ಜಿ ನಿಜವಾದ ಹಗ್ಗವನ್ನು ಅಟ್ಟದ ಮೇಲೆ ಬಚ್ಚಿಟ್ಟು, ಎಮ್ಮೆ ಕಟ್ಟುವ ಹಗ್ಗವನ್ನು ತೋರಿಸಿದ್ದಳು. ಅವರು ಅದನ್ನು ಹಿಡಿದುಕೊಂಡು ನೇರವಾಗಿ ಬಾವಿಗೆ ನಡೆದರು. ಬಿಂದಿಗೆ ನೀರಿಗಿಂತ ಬಹಳ ಮೇಲೆ ನೇತಾಡುತ್ತ ನಿಂತಿತು.

ನಾನು ಪದವಿ ಮುಗಿಸಿಕೊಂಡು ಊರಿಗೆ ಬಂದದ್ದು ಇದಾದ ಮೇಲೆ. ಮಾರಿಕಣಿವೆಯ ಮಹಾಕಟ್ಟೆಯ ಕೆಲಸ ಮುಗಿಯುತ್ತಿದ್ದ ಕಾಲವದು. ಎರಡು ಬೆಟ್ಟಗಳ ನಡುವೆ ನದಿಯನ್ನು ನಿಲ್ಲಿಸಿದ ಆ ದೃಶ್ಯವನ್ನು ದಾರಿಯಲ್ಲಿ ಕಂಡ ನನಗೆ, ನಾಡಿನ ನೀರನ್ನು ಕೂಡಿಡುವುದು ಸಾಧ್ಯವಾದರೆ ಮನೆಯ ನೀರನ್ನು ಕೂಡಿಡುವುದು ಅಸಾಧ್ಯವಾಗಬೇಕಾದ ಕಾರಣ ತೋರಲಿಲ್ಲ. ಮನೆಯವರನ್ನು ಪಡಸಾಲೆಯಲ್ಲಿ ಕೂಡಿಸಿ ನನ್ನ ಅಭಿಪ್ರಾಯವನ್ನು ಹೇಳಿದೆ: ಬೀಗರ ಸಂಶಯ ನ್ಯಾಯವಾದದ್ದು, ಹೆಣ್ಣಿನ ಆಯುಷ್ಯವು ಹಗ್ಗದ ತುದಿಯಲ್ಲಿ ಸವೆಯಬಾರದು, ಆದುದರಿಂದ ಮನೆಗೆ ಒಂದು ದೊಡ್ಡ ನೀರಿನ ಸಂಗ್ರಹವಿರಬೇಕು, ಅದನ್ನು ಗಂಡಸರೇ ಗಾಡಿಯಲ್ಲಿ ನೀರು ತಂದು ತುಂಬಬೇಕು.

“ಗಂಡಸ್ರೇ ತುಂಬ್ತೀವಿ” ಎಂದ ಚಿಕ್ಕಪ್ಪ, ನಾನು ವಾಕ್ಯ ಮುಗಿಸುವ ಮೊದಲೇ. “ಮೊದ್ಲು ಅದು ಬರ್ಲಿ.”

ಯಾವ ಬಗೆಯ ಸಂಗ್ರಹ ಎಂಬುದು ಮುಂದಿನ ಪ್ರಶ್ನೆ. ಹೊಸದುರ್ಗದ ಸಂತೆಯಲ್ಲಿ ಆಳುದ್ದದ ಮಣ್ಣಿನ ಗುಡಾಣಗಳು ದೊರೆಯುತ್ತಿದ್ದವು. ಚಿತ್ರದುರ್ಗದ ಕಲ್ಲುಕುಟಿಗರು ಒಂದೇ ಬಂಡೆಯಲ್ಲಿ ಬಾನಿ ಕಡೆದು ಕೊಡುತ್ತಿದ್ದರು. ಮಾರಿಕಣಿವೆಯ ಕಡೆ, ಕೆಲಸಗಾರರ ಗುಡಿಸಲುಗಳಿಗೆ ನೀರು ತುಂಬಿಡುತ್ತಿದ್ದ ಕಬ್ಬಿಣದ ತೊಟ್ಟಿಗಳನ್ನು ಗುತ್ತಿಗೆದಾರನೊಬ್ಬ ಮಾರುತ್ತಿದ್ದಾನೆಂಬ ಸುದ್ದಿಯೂ ಇತ್ತು. ಇಂಥ ವಿಷಯವನ್ನು ವಾದ ಪ್ರತಿವಾದಗಳಿಂದ ನಿರ್ಣಯಿಸಬೇಕೆಂದು ನಾನು ಸೂಚಿಸಿದೆ. ಒಬ್ಬೊಬ್ಬರು ಒಂದೊಂದು ಪಕ್ಷ ವಹಿಸಬೇಕೆಂದು ಕೇಳಿಕೊಂಡೆ.

“ನೀನು ಹೇಳಿದ ಮ್ಯಾಲೆ ಎದುರು ಮಾತಾಡಾಕೆ ನಾವೇನು ಜಗಳಗಂಟ್ರೇನಪ್ಪ?” ಎಂದರು ತಂದೆ. “ಎಲ್ಲಾ ಪಕ್ಷನೂ ನೀನೇ ಮಾತಾಡು. ಕಾಲೇಜಿಗೆ ಕಳ್ಸಿದ್ದು ಅದಕ್ಕೇ ಅಲ್ಲೇನು?”

ಹೀಗೆ ಮೂರು ಪಕ್ಷಗಳೂ ನನ್ನ ಪಾಲಿಗೆ ಬಂದವು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದನ್ನು ಖಂಡಿಸುವ ಅಧಿಕಾರ ಎಂದು ನಮ್ಮ ಚರ್ಚಾಕೂಟದಲ್ಲಿ ಕಲಿಸಿದ್ದರು. ಎದುರಾಳಿಯೇ ಇಲ್ಲದಿರುವಾಗ ಈ ಕರ್ತವ್ಯ ಇನ್ನೂ ಹೆಚ್ಚಿನದೆಂದು ಬಗೆದು ಪ್ರಾರಂಭಿಸಿದೆ. ಗುಡಾಣದಲ್ಲಿ ನೀರು ತಂಪಾಗಿರುವುದು, ಒಂದು ಒಡೆದರೂ ಮತ್ತೊಂದು ಉಳಿಯುವುದು, ತುಂಬುವ ಶ್ರಮ ಕಡಿಮೆ ಎಂದು ಪ್ರತಿಪಾದಿಸಿದೆ. ಅಜ್ಜಿ ತೃಪ್ತಳಾಗಿ, “ಸರಿಯಾಗಿ ಹೇಳ್ದೆ. ಗುಡಾಣನೇ ಇರ್ಲಿ” ಎಂದು ಏಳಹೊರಟಳು. ಕೂರಿಸಿ, ಬಾನಿಯ ಪರವಾಗಿ ಮಾತನಾಡಿದೆ: ಅದು ಮೊಮ್ಮಕ್ಕಳ ಕಾಲಕ್ಕೂ ಇರುವುದು, ತುಕ್ಕು ಹಿಡಿಯದು, ಕಳ್ಳನೂ ಹೊತ್ತೊಯ್ಯಲಾರ. ತಂದೆ ಮೀಸೆ ಸವರಿಕೊಂಡು, “ಹಂಗಾದ್ರೆ ನಾಳೆನೇ ದುರ್ಗಕ್ಕೆ ಹೋಗಾಣ” ಎಂದರು. ಕಬ್ಬಿಣದ ತೊಟ್ಟಿಗೆ ಮುಚ್ಚಳವುಂಟು, ಕೆಳಗೆ ತಿರುಪಿನ ನಲ್ಲಿಯುಂಟು, ಯಾರ ಕೈಯೂ ನೀರಿಗೆ ತಾಗದು ಎಂದೆ. ಇಬ್ಬರೂ ಕಬ್ಬಿಣಕ್ಕೆ ಒಲಿದರು. ನಂತರ ನಿಯಮದಂತೆ ಖಂಡನೆಗೆ ತೊಡಗಿ, ಕಬ್ಬಿಣ ಬಿಸಿಲಿಗೆ ಕಾಯುವುದೆಂದೆ, ಕಬ್ಬಿಣ ಬೇಡವೆಂದರು. ಬಾನಿ ತರುವಾಗ ಗಾಡಿಯ ಅಚ್ಚು ಮುರಿಯುವುದೆಂದೆ, ಬಾನಿಯೂ ಬೇಡವೆಂದರು. ಗುಡಾಣವನ್ನು ಎಮ್ಮೆ ಗುಮ್ಮೀತು ಎಂದಾಗ ಮನೆಯಲ್ಲಿ ನೀರೇ ಬೇಡವೆಂಬ ಸ್ಥಿತಿ ಬಂತು.

ಚಿಕ್ಕಪ್ಪ ಕಂಬಕ್ಕೆ ಒರಗಿ ಇಷ್ಟನ್ನೂ ಕೇಳುತ್ತಿದ್ದ. “ಲೇ, ನೀನು ಹಿಂಗೇ ಮಾತಾಡ್ತಿದ್ರೆ ನನ್ನ ಮೀಸೆ ಬೆಳ್ಳಗಾಗ್ತವೆ. ನಾನೊಂದು ಮಾತು ಹೇಳ್ಲಾ? ಗುಡಾಣ ಇರೋದು ಅಡಿಗೆ ಮನ್ಯಾಗೆ, ಬೀಗರಿಗೆ ಕಾಣಲ್ಲ. ಬಾನಿ ನೋಡಿದ್ರೆ ದನಕ್ಕಿಟ್ಟವ್ರೆ ಅಂತಾರೆ. ಕಬ್ಬಿಣದ್ದು ಬೀದಿ ಕೊನೆಗೇ ಕಾಣ್ತದೆ. ಗಾಡಿ ಇಳಿಯಾಕೆ ಮುಂಚೇನೇ ಅವ್ರು ಒಪ್ಕಂಡಿರ್ಬೇಕು.”

ಈ ವಾದ ನನ್ನ ಮೂರು ಪಕ್ಷಗಳಲ್ಲಿ ಎಲ್ಲಿಯೂ ಇರಲಿಲ್ಲ. ಮನೆ ಅದನ್ನು ಒಕ್ಕೊರಲಿನಿಂದ ಸ್ವೀಕರಿಸಿತು.

ತೊಟ್ಟಿ ಬಂತು. ಅದನ್ನು ಕೊಳ್ಳಲು ಹೋಗಿದ್ದ ಚಿಕ್ಕಪ್ಪ ಅಲ್ಲಿದ್ದವುಗಳಲ್ಲೆಲ್ಲ ದೊಡ್ಡದನ್ನು ಆರಿಸಿದ್ದ. ಗಾಡಿಯ ಮೇಲೆ ಅದನ್ನು ಕಂಡ ನಮ್ಮ ಬೀದಿಯವರು ದೇವರ ಉತ್ಸವವೆಂದು ಎದ್ದು ನಿಂತರು. ಅದು ನಮ್ಮ ಮುಂಬಾಗಿಲಿಗಿಂತ ಅಗಲ, ಹಿತ್ತಿಲ ಬಾಗಿಲಿಗಿಂತ ಎತ್ತರ. ಬಾಗಿಲ ಚೌಕಟ್ಟನ್ನು ಕೀಳಿಸಲು ಅಜ್ಜಿ ಒಪ್ಪಲಿಲ್ಲ. ಹೊಸ ಸೊಸೆ ಒಳಗೆ ಬರಬೇಕಾದ ಹೊಸ್ತಿಲನ್ನು ಅವಳಿಗಿಂತ ಮೊದಲು ತೊಟ್ಟಿಗಾಗಿ ಒಡೆಯುವುದು ಸರಿಯಲ್ಲವೆಂದಳು. ಬೀದಿಯ ಪಕ್ಕದಲ್ಲಿ, ಬೇವಿನ ಮರದ ಕೆಳಗೆ, ನಾಲ್ಕು ದಪ್ಪ ಕಲ್ಲುಗಳ ಮೇಲೆ ಅದನ್ನು ಕೂರಿಸಿದೆವು.

ಅಷ್ಟರಲ್ಲಿ ಹೊಳಲ್ಕೆರೆಯಿಂದ ಹೇಳಿಕೆ ಬಂತು. ಹುಡುಗಿಯ ಅಜ್ಜ ನಾಳಿದ್ದು ಮನೆ ನೋಡಲು ಬರುತ್ತಾರೆ. ಆ ಕಡೆಯವರ ಹಿತ್ತಿಲ ಬಾವಿಗಳಲ್ಲಿ ಬಗ್ಗಿದರೆ ಬಿಂದಿಗೆ ಮುಳುಗುತ್ತದೆಂದು ನಮ್ಮಲ್ಲಿ ಪ್ರತೀತಿ. ಚಿಕ್ಕಪ್ಪ ಗಾಡಿ ಕಟ್ಟಿಕೊಂಡು ನೀರು ತರಲು ಹೊರಟ. ಆಗ ಗೊತ್ತಾದದ್ದು, ತೊಟ್ಟಿ ಬಾವಿಗಿಂತ ದೊಡ್ಡದು ಎಂಬ ಸಂಗತಿ. ನೀರು ಒಸರುವ ಊಟೆ ಸಣ್ಣದಾಗಿದ್ದ ಆ ಬಾವಿ ಒಂದು ದಿನಕ್ಕೆ ಕೊಡಬಹುದಾದ ನೀರಷ್ಟನ್ನೂ ಸುರಿದರೂ ತೊಟ್ಟಿಯ ತಳ ಒದ್ದೆಯಾಗುತ್ತಿತ್ತೇ ಹೊರತು ನೀರೆಂದು ಹೇಳಿಕೊಳ್ಳುವಂಥದೇನೂ ಕಾಣುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ನಮ್ಮ ಊರಿನಲ್ಲಿ ಕೆಂಡ, ಮಜ್ಜಿಗೆಯ ಹೆಪ್ಪುಗಳಂತೆ ನೀರನ್ನೂ ಕಡ ಕೊಡುವ ವಾಡಿಕೆಯಿತ್ತು. ಯಾವ ಬಿಂದಿಗೆಯಲ್ಲಿ ಕೊಟ್ಟರೋ ಅದೇ ಬಿಂದಿಗೆಯಲ್ಲಿ ಹಿಂದಕ್ಕೆ ಪಡೆಯುವರು. ಊರಿನವರೆಲ್ಲ ತಮ್ಮ ಮನೆಯಲ್ಲಿ ಕೂಡಿಟ್ಟುದನ್ನು ತೊಟ್ಟಿಗೆ ಸುರಿಯಬೇಕು. ಬೀಗರು ಹೋದ ಕೂಡಲೇ ಒಯ್ಯಬೇಕು. ಇದಕ್ಕೆ ನಾನು ಒಂದು ಷರತ್ತಿನ ಮೇಲೆ ಒಪ್ಪಿದೆ. ಕಡ ತರುವುದು ಮೋಸವಲ್ಲ, ಆದರೆ ಬೀಗರು ಕೇಳಿದರೆ ಸತ್ಯವನ್ನೇ ಹೇಳಬೇಕು.

“ಕೇಳಿದ್ರೆ ತಾನೇ?” ಎಂದ ಚಿಕ್ಕಪ್ಪ.

ನಾನೇ ಕೇರಿ ಕೇರಿಗೆ ಹೋಗಿ ವಿಷಯವನ್ನು ಮನಮುಟ್ಟುವಂತೆ ನಿರೂಪಿಸಿದೆ. ಕುರಿಹಟ್ಟಿಯ ಹೆಂಗಸೊಬ್ಬಳು ನನ್ನ ಪೀಠಿಕೆ ಮುಗಿಯುವವರೆಗೆ ತಾಳ್ಮೆಯಿಂದ ನಿಂತಿದ್ದು, “ನಿಮ್ ಚಿಕ್ಕಪ್ಪನ ಮದ್ವೆಗೆ ನೀರು ಬೇಕು ಅಂತ ತಾನೆ? ಅಷ್ಟು ಹೇಳಾಕೆ ಇಷ್ಟೊತ್ತು ಬೇಕಾ? ತಗಂಡು ಬರ್ತೀನಿ ನಡೀರಿ. ಸಂಜಿಗೆ ಮುದ್ದೆಗೆ ಎಸರಿಡೋ ಹೊತ್ತಿಗೆ ವಾಪಸ್ಸು ಬೇಕು” ಎಂದಳು. ಮರುದಿನ ಬೆಳಿಗ್ಗೆ ಬೀದಿಯ ತುಂಬ ಬಿಂದಿಗೆಗಳು ಬಂದವು. ತೊಟ್ಟಿ ತುಂಬಿ ಬಾಯಿಯವರೆಗೆ ಬಂತು.

ಹುಡುಗಿಯ ಅಜ್ಜ ಬಳಗದವರೊಡನೆ ಗಾಡಿ ಇಳಿದವರೇ ಬೆಲ್ಲ ನೀರನ್ನೂ ಕಾಯದೆ ಹಗ್ಗ ಕೇಳಿದರು. ತಂದೆ ಮರದ ಕೆಳಗೆ ಕೈ ತೋರಿದರು. ಅಜ್ಜ ತೊಟ್ಟಿಯ ಸುತ್ತ ಪ್ರದಕ್ಷಿಣೆ ಬಂದರು, ಕೋಲಿನಿಂದ ಕುಟ್ಟಿದರು, ಮುಚ್ಚಳ ತೆಗೆಸಿ ಇಣುಕಿ ಅಲ್ಲಿ ತಮ್ಮ ಮುಖ ಕಂಡು ರುಮಾಲು ಸರಿಪಡಿಸಿಕೊಂಡರು.

“ಹಗ್ಗ ಬ್ಯಾಡ ಬಿಡ್ರಿ” ಎಂದರು.

ಚಿಕ್ಕಪ್ಪನ ಮುಖದಲ್ಲಿ ಆಗ ಮೂಡಿದ ಬೆಳಕನ್ನು ಕಂಡವರು ಅವನ ವಿರುದ್ಧವಾಗಿ ಯಾವ ಸತ್ಯವನ್ನೂ ನುಡಿಯಲಾರರು. ಅದೃಷ್ಟವಶಾತ್ ಆ ಹೊತ್ತಿನಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಊಟವಾಯಿತು. ಅಜ್ಜ ಹೊರಡುವರೆಂದು ನಾವು ಎಣಿಸಿದ್ದೆವು. ಅವರು ಜಗಲಿಯ ಮೇಲೆ ಕಂಬಳಿ ಹಾಸಿಸಿಕೊಂಡು ಮಲಗಿದರು. ಹೊತ್ತು ಇಳಿಯಿತು, ನೆರಳು ಉದ್ದವಾಯಿತು, ಗೊರಕೆ ನಿಲ್ಲಲಿಲ್ಲ. ಬೀದಿಯ ಆಚೆ ಖಾಲಿ ಬಿಂದಿಗೆ ಹಿಡಿದು ಹೆಂಗಸರು ನಿಂತರು. ತಂದೆ ಕೈಸನ್ನೆಯಿಂದ ಕಾಯಲು ಬೇಡಿಕೊಂಡರು. ಅವರೂ ಕೈಸನ್ನೆಯಿಂದಲೇ ಒಲೆ, ಎಸರು, ಅಳುವ ಮಕ್ಕಳು, ಬೈಯುವ ಗಂಡಂದಿರು ಇಷ್ಟನ್ನೂ ಸ್ಪಷ್ಟವಾಗಿ ತಿಳಿಸಿದರು. ಕೊನೆಗೆ ಕುರಿಹಟ್ಟಿಯ ಆ ಹೆಂಗಸು ನೆಟ್ಟಗೆ ಬಂದು ನಲ್ಲಿ ತಿರುಗಿಸಿದಳು. ಅವಳ ಹಿಂದೆ ಸಾಲು ಬೆಳೆಯಿತು.

ನೀರಿನ ಸದ್ದಿಗೆ ಅಜ್ಜ ಎದ್ದು ಕುಳಿತರು. ಕಣ್ಣುಜ್ಜಿ ಬಹಳ ಹೊತ್ತು ನೋಡಿದರು.

“ಇದೇನ್ರಿ ಇದು? ಊರಿಗೆಲ್ಲಾ ನಿಮ್ಮನೆ ನೀರೇನು?”

ತಂದೆ ಕೆಮ್ಮಿದರು. ಚಿಕ್ಕಪ್ಪ ನನ್ನನ್ನು ನೋಡಿದ. ಆ ನೋಟವನ್ನು ನಾನು ಇಂದಿಗೂ ಬಲ್ಲೆ: ಎರಡು ಸಲ ಅಳೆಸಿಕೊಂಡು ಬೇಡವೆನಿಸಿಕೊಂಡ ಮನುಷ್ಯನ ನೋಟವದು. ಆದರೆ ಪ್ರಶ್ನೆ ಬಂದಿತ್ತು, ಷರತ್ತು ನನ್ನದೇ ಆಗಿತ್ತು. ಎದ್ದು ನಿಂತು, ಉತ್ತರೀಯ ಸರಿಪಡಿಸಿಕೊಂಡು, ಹಿರಿಯರಿಗೆ ವಂದಿಸಿ ಹೇಳಿದೆ: “ತಾವು ಕಾಣುತ್ತಿರುವ ಈ ನೀರಿನಲ್ಲಿ ಒಂದು ಹನಿಯೂ ನಮ್ಮದಲ್ಲ. ತಮ್ಮ ಮೆಚ್ಚುಗೆಯನ್ನು ಪಡೆಯುವ ಉದ್ದೇಶದಿಂದ ಇದನ್ನು ಈ ಜನರಿಂದಲೇ ನಿನ್ನೆ ಕಡವಾಗಿ ಬೇಡಿ, ಇಂದು ಬೆಳಿಗ್ಗೆ ತುಂಬಿಸಿಕೊಂಡೆವು. ಇವರು ಪಡೆಯುತ್ತಿರುವುದು ನಮ್ಮ ದಾನವಲ್ಲ, ಇವರದೇ ಸ್ವತ್ತು. ಉಪಕಾರ ಮಾಡಿದವರು ಅವರು, ಋಣಿಗಳು ನಾವು.”

ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಚಿಕ್ಕಪ್ಪನ ಕಡೆ ತಿರುಗಿದರು. “ಏನಪ್ಪ, ಇವನು ನಿಮ್ಮಣ್ಣನ ಮಗನೇನು? ಓದಿದೋರಂದ್ರೆ ಹಿಂಗಿರ್ಬೇಕು. ಊರಿಗೆಲ್ಲಾ ನೀರು ಕೊಟ್ಟು, ನಾವೇ ಸಾಲಗಾರರು ಅಂತಾನೆ. ನಮ್ಮೂರಾಗೆ ಒಂದು ಚೆಂಬು ಕೊಟ್ರೆ ಮೂರು ದಿನ ಹೇಳ್ಕಂಡು ತಿರುಗ್ತಾರೆ.”

ಇದು ವಿನಯವಲ್ಲ, ವಸ್ತುಸ್ಥಿತಿ ಎಂದು ನಾನು ವಿವರಿಸಿದೆ. ಅವರು ಇನ್ನೂ ಸಂತೋಷಪಟ್ಟರು. ಬೇರೆ ದಾರಿ ಕಾಣದೆ ಸಾಕ್ಷಿಯನ್ನು ಕರೆದೆ. ಕುರಿಹಟ್ಟಿಯ ಹೆಂಗಸು ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿ ನಿಂತಿದ್ದಳು.

“ಹೌದ್ರಿ ಅಜ್ಜಾರೇ, ನಮ್ದೇ ನೀರು ಇದು” ಎಂದಳು.

“ಕೇಳಿದ್ರಾ?” ಎಂದರು ಅಜ್ಜ, ಜೊತೆಗೆ ಬಂದವರ ಕಡೆ ತಿರುಗಿ. “ಎಷ್ಟು ಸಲಿಗೆಯಿಂದ ನಮ್ದೇ ಅಂತಾಳೆ. ಕೊಡೋರ ಮನಸ್ಸು ದೊಡ್ದಿದ್ರೆ ತಗಳ್ಳೋರ ಬಾಯಾಗೆ ಇಂಥ ಮಾತು ಬರ್ತದೆ.”

ಚರ್ಚಾಕೂಟದಲ್ಲಿ ನನ್ನ ಮಾತನ್ನು ಅಲ್ಲಗಳೆದವರನ್ನು ಎದುರಿಸಿದ್ದೆ. ಒಪ್ಪುತ್ತ ಒಪ್ಪುತ್ತ ತಲೆಕೆಳಗು ಮಾಡುವವರನ್ನು ಎದುರಿಸುವ ಉಪಾಯವನ್ನು ಯಾವ ಅಧ್ಯಾಪಕರೂ ಕಲಿಸಿರಲಿಲ್ಲ. ಆ ಸಂಜೆ ಇನ್ನೊಂದು ಸಂಗತಿಯೂ ನಡೆಯಿತು. ವರ್ತಕರ ಬೀದಿಯ ನೀರು ಹಟ್ಟಿಯ ಬಿಂದಿಗೆಗೂ ಹಟ್ಟಿಯ ನೀರು ವರ್ತಕರ ತಾಮ್ರದ ಹಂಡೆಗೂ ಹೋಯಿತು. ಯಾರದು ಯಾರಿಗೆ ಬಂತೆಂದು ಒಬ್ಬರೂ ಕೇಳಲಿಲ್ಲ. ಜಾತಿಭೇದದ ವಿಷಯದಲ್ಲಿ ನಾನು ಅದಕ್ಕೆ ಹಿಂದೆಯೂ ಮುಂದೆಯೂ ಮಾಡಿದ ಭಾಷಣಗಳಿಂದ ಇಷ್ಟು ಕೆಲಸ ಆದದ್ದಿಲ್ಲ. ಕೊನೆಯ ಬಿಂದಿಗೆ ತುಂಬಿದ ಮೇಲೆ ಅಜ್ಜ ಕೋಲಿನಿಂದ ತೊಟ್ಟಿಯನ್ನು ಮತ್ತೊಮ್ಮೆ ಕುಟ್ಟಿದರು. ಅದು ಗುಡಿಯ ನಗಾರಿಯಂತೆ ಮೊಳಗಿತು.

“ತಮಗೆ ಒಂದು ಹನಿ ಇಟ್ಕಳ್ಳಿಲ್ಲ” ಎಂದರು. ಅವರ ಕಣ್ಣು ತೇವವಾಗಿತ್ತು. ಅಲ್ಲಿಯೇ ಮದುವೆ ನಿಶ್ಚಯವಾಯಿತು.

ಚಿಕ್ಕಮ್ಮ ಮನೆ ತುಂಬಿದ ಮರುದಿನ ಬೆಳಿಗ್ಗೆ ಸೆರಗು ಕಟ್ಟಿಕೊಂಡು ಬೇವಿನ ಮರದ ಕೆಳಗೆ ಬಂದು ನಿಂತಳು. ಊರಿಗೆಲ್ಲ ನೀರು ಕೊಡುವ ಮನೆಗೆ ಹೋಗುತ್ತಿದ್ದೀಯೆ, ಕೊಡುವಾಗ ಕೈ ಬಿಗಿ ಹಿಡಿಯಬೇಡ ಎಂದು ಅಜ್ಜ ಹೇಳಿ ಕಳುಹಿಸಿದ್ದರಂತೆ. ಮುಚ್ಚಳ ತೆಗೆದು ನೋಡಿದಳು. ಒಣಗಿತ್ತು. ಚಿಕ್ಕಪ್ಪನ ಕಡೆ ನೋಡಿದಳು.

“ಇವತ್ತು ಇನ್ನೂ ತುಂಬಿಲ್ವೇನ್ರಿ? ಜನ ಬರೋ ಹೊತ್ತಾತಲ್ಲ.”

ನಾನು ಸತ್ಯವನ್ನು ಮೊದಲಿನಿಂದ ಹೇಳಲು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಚಿಕ್ಕಪ್ಪ ಕೊಟ್ಟಿಗೆಗೆ ಹೋಗಿ ಎತ್ತುಗಳನ್ನು ಬಿಚ್ಚಿದ್ದ. ನಮ್ಮ ಬಾವಿ ಸಾಲದೆಂದು ಹರಿಯಬ್ಬೆಯ ದಾರಿಯಲ್ಲಿದ್ದ ತೋಟದ ಬಾವಿಗೆ ಗಾಡಿ ಹೊಡೆದ. ಅಂದಿನಿಂದ ಅದು ದಿನದ ಕೆಲಸವಾಯಿತು. ತೊಟ್ಟಿ ಒಮ್ಮೆಯೂ ಬಾಯಿಯವರೆಗೆ ತುಂಬಲಿಲ್ಲ. ತುಂಬುವ ಮೊದಲೇ ಚಿಕ್ಕಮ್ಮ ನಲ್ಲಿ ತಿರುಗಿಸುತ್ತಿದ್ದಳು. ಸ್ತ್ರೀಯರು ಹಗ್ಗ ಹಿಡಿಯಬಾರದು, ಗಂಡಸರೇ ನೀರು ತರಬೇಕು ಎಂಬ ನನ್ನ ಸಿದ್ಧಾಂತವು ನಾಡಿನಲ್ಲಿ ಮೊದಲು ಆಚರಣೆಗೆ ಬಂದದ್ದು ನಮ್ಮ ಮನೆಯಲ್ಲಿಯೇ ಎಂದು ನಾನು ಅನೇಕ ಸಭೆಗಳಲ್ಲಿ ಹೇಳಿದ್ದೇನೆ.

ಅಂಥದೊಂದು ಸಭೆಗೆ ಹೊರಟು ಊರ ಹೊರಗೆ ನಡೆಯುತ್ತಿದ್ದಾಗ ನೀರಿನ ಗಾಡಿ ಎದುರಾಯಿತು. ಚಿಕ್ಕಪ್ಪ ಗಾಡಿಯ ಮುಂದಿನ ಮೂಕಿಯ ಮೇಲೆ ಕುಳಿತಿದ್ದ; ಮೀಸೆ ಮಾತ್ರ ಮೊದಲಿನ ಹಾಗೆಯೇ ನೆಟ್ಟಗಿತ್ತು. ಎತ್ತುಗಳನ್ನು ನಿಲ್ಲಿಸಿ, ನನ್ನ ಕೈಯಲ್ಲಿದ್ದ ಭಾಷಣದ ಹಾಳೆಗಳನ್ನು ನೋಡಿದ.

“ಲೇ,” ಎಂದ, “ಅವತ್ತು ಪಡಸಾಲ್ಯಾಗೆ ಗುಡಾಣದ ಪರವಾಗಿ ಇನ್ನೊಂದೀಟು ಜೋರಾಗಿ ಮಾತಾಡಬಾರ್ದಾಗಿತ್ತಾ?”