ಅಕ್ಕ ಹೇಳುತ್ತಿದ್ದ ಕಾರ್ಟೂನು

ಒಂದು ಕಾರ್ಟೂನಿನ ಮೇಲೆ ನನಗೆ ಸಿಟ್ಟಿದೆ. ತಲೆ ನರೆತ ಹೆಂಗಸು ಕಾರ್ಟೂನಿನ ಮೇಲೆ ಸಿಟ್ಟಾಗುವುದೇನು ಎಂದು ನಗುವವರು ನಗಲಿ. ವರ್ಷಗಟ್ಟಲೆ ಅದನ್ನು ಬೈದಿದ್ದೇನೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಬೈದಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದವರ ಎದುರಿಗೂ ಬೈದಿದ್ದೇನೆ. ಮೊದಲು ಎಷ್ಟು ಚೆನ್ನಾಗಿತ್ತು, ಆಮೇಲೆ ಹೇಗೆ ಹದಗೆಟ್ಟಿತು ಎಂಬುದೇ ನನ್ನ ಪುರಾಣ. ಯಾವಾಗ ಕೆಟ್ಟಿತೆಂದು ಕೇಳಿದರೆ ದಿನವನ್ನೂ ಹೇಳಬಲ್ಲೆ. ನಮ್ಮ ಅಕ್ಕನಿಗೆ ಉಡಿ ತುಂಬಿ ಗಂಡನ ಮನೆಗೆ ವಾಪಸು ಕಳಿಸಿದೆವಲ್ಲ, ಆವತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾವು ವಾಡಿಯಲ್ಲಿದ್ದೆವು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಸ್ಟೇಷನ್ನಿನ ಹಿಂದೆ ಪರಸಿ ಕಲ್ಲು ಹಾಸಿದ ಮನೆ. ಅವ್ವ ಬೆಳಿಗ್ಗೆ ಒರೆಸಿದ ನೆಲದ ಮೇಲೆ ಮಧ್ಯಾಹ್ನಕ್ಕೆಲ್ಲ ಕಾರ್ಖಾನೆಯ ಸಿಮೆಂಟಿನ ಧೂಳು ಕೂತಿರುತ್ತಿತ್ತು, ಅವ್ವ ಮತ್ತೆ ಒರೆಸುತ್ತಿದ್ದಳು. ಓಣಿಗೆ ಕೇಬಲ್ ಬಂದಾಗ ಅಪ್ಪ ಸುದ್ದಿ ನೋಡಲಿಕ್ಕೆಂದು ಹಾಕಿಸಿದರು. ಶನಿವಾರ ಸಂಜೆ ಒಂದು ಇಂಗ್ಲಿಷ್ ಚಾನೆಲ್ಲಿನಲ್ಲಿ ಆ ಕಾರ್ಟೂನು ಬರುತ್ತಿತ್ತು. ಒಂದು ಮನೆಯ ಕಥೆ ಅದು. ಕಸದ ಲಾರಿ ಓಡಿಸುವ ದಪ್ಪ ಗಂಡ, ಕನ್ನಡಕದ ಹೆಂಡತಿ, ಕುರ್ಚಿ ಬಿಟ್ಟೇಳದ ಅತ್ತೆ, ಒಂದೇ ತರಹದ ಎರಡು ಹುಡುಗರು. ನಮಗೆ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಅಪ್ಪನಿಗೆ ಓದಲಿಕ್ಕೆ ಬರುತ್ತಿತ್ತು, ಕಾರ್ಟೂನಿನವರು ಆಡುವ ವೇಗಕ್ಕೆ ಕಿವಿ ಹೊಂದುತ್ತಿರಲಿಲ್ಲ. ಅರ್ಥವಾಗುತ್ತಿದ್ದದ್ದು ಅಕ್ಕನೊಬ್ಬಳಿಗೆ. ಅವಳು ರೈಲಿನಲ್ಲಿ ಶಹಾಬಾದಿಗೆ ಹೋಗಿ ಬಿ.ಎ. ಮುಗಿಸಿದವಳು. ಕಾಲೇಜು ಓದಿದವಳಿಗೆ ಇಂಗ್ಲಿಷ್ ಬಂದೇ ಬರುತ್ತದೆ ಎಂದು ಮನೆಯವರೆಲ್ಲ ನಂಬಿದ್ದೆವು.

ಅಕ್ಕನ ಮದುವೆಯಾಗಿ ಎರಡನೆಯ ವರ್ಷ ಅದು. ಗಂಡನ ಮನೆ ಸುಲೇಪೇಟದಲ್ಲಿ. ಭಾವ ಚಿಂಚೋಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಅಕ್ಕ ಹೊರಡುವ ಮಾತೇ ಎತ್ತಲಿಲ್ಲ. ದಸರೆ ಬಂತು, ದೀಪಾವಳಿಯೂ ಮುಗಿಯಿತು. ಅವಳಿಗೆ ಅಲ್ಲಿಗೆ ಹೋಗುವ ಮನಸ್ಸಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು, ಬಾಯಿಬಿಟ್ಟು ಆಡಿದವರಿಲ್ಲ. ಒಂದು ಸಲ ಮಾತ್ರ ಅಪ್ಪ ಅವ್ವನ ಮೂಲಕ ವಿಚಾರಿಸಿದರು. ಅಂವ ಹೊಡೆಯುತ್ತಾನೇನು? ಇಲ್ಲ. ಕುಡಿಯುತ್ತಾನೇನು? ಇಲ್ಲ. ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೇನು? ಅದೂ ಇಲ್ಲ. ಮತ್ತೇನು ತ್ರಾಸು ಎಂದರೆ ಅಕ್ಕ ಹೇಳಿದ್ದು ಇಷ್ಟೇ: ಅಂವ ಮಾತಾಡುವುದಿಲ್ಲ. ಮದುವೆಯಾದ ಕೆಲವು ತಿಂಗಳಿಗೆ ನಿಲ್ಲಿಸಿದ್ದಾನೆ, ಯಾಕೆಂದು ಗೊತ್ತಿಲ್ಲ. ಆ ಮನೆಯಲ್ಲಿ ಯಾರೂ ಅವಳ ಜೊತೆ ಮಾತಾಡುವುದಿಲ್ಲ. ಅಪ್ಪ ಲೆಕ್ಕದ ಮಾಸ್ತರರು, ಈ ಉತ್ತರವನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ಮಾತು ಕಡಿಮೆಯಿರುವ ಗಂಡಸೇ ಒಳ್ಳೆಯವನು ಎಂದು ಕೈತೊಳೆದುಕೊಂಡರು.

ಹಾಗಾಗಿ ನಮ್ಮ ಮನೆಯಲ್ಲಿ ಅಕ್ಕನ ಮಾತು ಕೇಳುತ್ತಿದ್ದದ್ದು ಶನಿವಾರ ಸಂಜೆ. ಬೊಂಬೆಗಳು ಬಾಯಿ ತೆರೆದ ಕೂಡಲೇ ಇವಳು ಕನ್ನಡದಲ್ಲಿ ಶುರು ಮಾಡುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ದನಿ. ಗಂಡನಿಗೆ ಸಾವ್ಕಾರ ಎಂದು ಹೆಸರಿಟ್ಟಿದ್ದಳು, ಹೆಂಡತಿಗೆ ವೈನಿ, ಅತ್ತೆಗೆ ಮುದುಕಿ. ಸಾವ್ಕಾರ ಫೋನೆತ್ತಿದರೆ ಸೊಲ್ಲಾಪುರ ಪ್ಯಾಸೆಂಜರು ತಡವಾಗಿದೆ, ಇವತ್ತು ಕೆಲಸಕ್ಕೆ ಬರಲಾರೆ ಎಂದು ಸುಳ್ಳು ಬಿಡುತ್ತಿದ್ದ. ಮುದುಕಿ ಏಕಾದಶಿಯ ಉಪವಾಸವೆಂದು ಹೇಳಿ ಅವಲಕ್ಕಿ, ಶೇಂಗಾ, ಬಾಳೆಹಣ್ಣು ಒಂದಾದ ಮೇಲೊಂದು ತರಿಸಿಕೊಂಡು ತಿನ್ನುತ್ತಿದ್ದಳು. ನಮ್ಮ ಸಂಬಂಧಿಕರಲ್ಲೇ ಅಂಥ ಮುದುಕಿಯೊಬ್ಬಳಿದ್ದಳು. ಅವ್ವ ಸೆರಗು ಬಾಯಿಗೊತ್ತಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಹೊರಗೆ ಕೂತು ಪೇಪರು ಓದುವ ಅಪ್ಪನ ಭುಜ ಕುಣಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹಾಗೆ ಹೊಟ್ಟೆ ಹುಣ್ಣಾಗುವಂತೆ ನಾನು ಆಮೇಲೆಂದೂ ನಕ್ಕಿಲ್ಲ.

ದೀಪಾವಳಿಯ ನಂತರ ಕಥೆ ಸ್ವಲ್ಪ ಬೇರೆಯಾಯಿತು. ತೆರೆಯ ಮೇಲೆ ಸಾವ್ಕಾರನ ಬಾಯಿ ಪಟಪಟ ಆಡುತ್ತಿದ್ದರೂ ಅಕ್ಕ ಅವನಿಗೆ ಮಾತು ಕೊಡುವುದು ನಿಲ್ಲಿಸಿದಳು. ವೈನಿಯ ಮಾತು ಬರುತ್ತಿತ್ತು, ಮುದುಕಿಯದು ಬರುತ್ತಿತ್ತು, ಅವನ ಸರದಿಗೆ ಅಕ್ಕ ಸುಮ್ಮನೆ ಕೂರುತ್ತಿದ್ದಳು. ಅಂವ ಇಷ್ಟೊತ್ತು ಏನು ಹೇಳಿದ ಎಂದು ನಾನು ಪೀಡಿಸಿದೆ.

“ಅಂವ ಏನೂ ಅನ್ನಂಗಿಲ್ಲ. ಬಾಯಿ ಆಡಸ್ತಾನ, ಅಷ್ಟ.”

ಅದಕ್ಕೂ ನಾವು ನಕ್ಕೆವು. ಅಷ್ಟು ದಪ್ಪ ಮನುಷ್ಯ ಕೈ ಬೀಸಿ ಬೀಸಿ ಏನೂ ಅನ್ನದಿರುವುದು ನೋಡಲಿಕ್ಕೆ ಮಜವಾಗಿತ್ತು.

ಮಾರ್ಗಶಿರದಲ್ಲಿ ಭಾವನ ಕಾಕಾ ಒಬ್ಬರು ಸುಲೇಪೇಟದಿಂದ ಬಂದರು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಹುಡುಗಿಯನ್ನು ಯಾವಾಗ ಕಳಿಸುತ್ತೀರೆಂದು ಮೆತ್ತಗೆ ಕೇಳಿದರು. ಜನ ಆಡಿಕೊಳ್ಳುತ್ತಾರೆ ಎಂದೂ ಸೇರಿಸಿದರು. ಸೋಮವಾರ ಒಳ್ಳೆಯ ದಿನವಿದೆ, ಕಳಿಸುತ್ತೇವೆ ಎಂದು ಅಪ್ಪ ಒಪ್ಪಿಕೊಂಡರು. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆ ಸೋಮವಾರದ ಹಿಂದಿನ ಶನಿವಾರವೂ ಕಾರ್ಟೂನು ಬಂತು. ವೈನಿ ಕೈಯಲ್ಲೊಂದು ಚೀಲ ಹಿಡಿದು ಒಂದು ಮನೆಯ ಬಾಗಿಲು ತಟ್ಟಿದಳು. ವಯಸ್ಸಾದ ಗಂಡ ಹೆಂಡತಿ ಇಬ್ಬರು ಹೊರಗೆ ಬಂದರು. ಇದು ಆಕಿಯ ತವರುಮನೆ ಎಂದಳು ಅಕ್ಕ. ವೈನಿ ಕನ್ನಡಕ ತೆಗೆದು ಒರೆಸಿಕೊಂಡು ಮಾತಾಡಲಿಕ್ಕೆ ಹತ್ತಿದಳು. ಅಕ್ಕ ಆವತ್ತು ದನಿ ಬದಲಿಸಲಿಲ್ಲ, ತನ್ನ ದನಿಯಲ್ಲೇ ಹೇಳಿದಳು.

“ನಾ ವಾಪಸ್ ಹೋಗಂಗಿಲ್ಲರಿ. ಅಲ್ಲಿದ್ರ ನನಗ ಹುಚ್ಚು ಹಿಡೀತದ. ನನಗ ಹಿಂದಿನ ಖೋಲಿ ಕೊಡ್ರಿ ಸಾಕು. ಹುಡುಗೂರಿಗೆ ಪಾಠ ಹೇಳ್ಕೊಂಡು ಇದ್ದುಬಿಡ್ತೀನಿ. ನಿಮಗ ಭಾರ ಆಗಂಗಿಲ್ಲ.”

ಅವ್ವ ನಕ್ಕಳು. ಎಂದಿಗಿಂತ ಜೋರಾಗಿ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಸೆರಗಿನಿಂದ ಒರೆಸಿಕೊಂಡಳು. ಅವ್ವ ನಕ್ಕಳೆಂದು ನಾನೂ ನಕ್ಕೆ. ಅಪ್ಪ ಪೇಪರಿನ ಹಾಳೆ ಮಗುಚಿದರು. ಆ ಗಂಡ ಹೆಂಡತಿ ಏನೋ ಉತ್ತರ ಕೊಡುತ್ತಿದ್ದರು, ಅಷ್ಟರಲ್ಲಿ ಅಕ್ಕ ಎದ್ದು ಒಳಗೆ ಹೋದಳು. ಒಲೆಯ ಮೇಲೆ ಹಾಲಿದೆ ಎಂದಳು. ಅವರು ಏನು ಉತ್ತರ ಕೊಟ್ಟರೆಂಬುದು ನಮಗೆ ತಿಳಿಯಲಿಲ್ಲ.

ಸೋಮವಾರ ಅವ್ವ ಅಕ್ಕಿ, ತೆಂಗಿನಕಾಯಿ, ಖಣ ಇಟ್ಟು ಅವಳ ಉಡಿ ತುಂಬಿದಳು. ಸೇಡಂವರೆಗೆ ರೈಲು, ಅಲ್ಲಿಂದ ಸುಲೇಪೇಟದ ಬಸ್ಸು. ನಾನೂ ಸೇಡಂವರೆಗೆ ಹೋಗಿದ್ದೆ. ಬಸ್ಸಿನ ಕಿಟಕಿಯಲ್ಲಿ ಅಕ್ಕ ನೆಟ್ಟಗೆ ಕೂತಿದ್ದಳು. ಅಳುತ್ತಾಳೆಂದು ಕಾದೆ, ಅಳಲಿಲ್ಲ.

ಮುಂದಿನ ಶನಿವಾರ ನಾನೂ ಅವ್ವನೂ ಟಿ.ವಿ. ಮುಂದೆ ಕೂತೆವು. ಬೊಂಬೆಗಳು ಬಾಯಿ ತೆರೆದವು. ನಾವು ಕಾದೆವು. ಅವರ ಇಂಗ್ಲಿಷಿನ ಹಿಂದೆ ಇನ್ನೇನು ಅಕ್ಕನ ದನಿ ಬರುತ್ತದೆ ಎಂದು ನಾನು ನಿಜವಾಗಿಯೂ ಕಿವಿಗೊಟ್ಟಿದ್ದೆ. ಬರೀ ಗದ್ದಲ. ಮೊದಲಿನಂತಿಲ್ಲ ಬಿಡು ಎಂದು ಅವ್ವ ಎದ್ದು ಹೋದಳು. ಆಮೇಲೆ ಎಂದೂ ಅದರ ಮುಂದೆ ಕೂರಲಿಲ್ಲ.

ನಾನು ಬಿಡಲಿಲ್ಲ. ಹತ್ತನೆಯ ಕ್ಲಾಸು ಮುಗಿಸಿದೆ, ಚಿತ್ತಾಪುರದಲ್ಲಿ ಕಾಲೇಜು ಓದಿದೆ, ಇಂಗ್ಲಿಷ್ ಕಲಿತೆ. ಕಲಿತದ್ದು ಆ ಕಾರ್ಟೂನಿಗಾಗಿಯೇ ಎಂದರೂ ನಡೆದೀತು. ಅರ್ಥವಾದಷ್ಟೂ ಅದು ಸಪ್ಪೆಯಾಗುತ್ತ ಹೋಯಿತು. ಎರಡು ಸಾವಿರದ ಇಸವಿ ದಾಟಿದರೂ ಮುಗಿಯಲೊಲ್ಲದು. ಸಾವ್ಕಾರ ಬರಬರುತ್ತ ಬರೀ ದಡ್ಡನಾದ, ವೈನಿ ಬರೀ ಗೊಣಗುವವಳಾದಳು, ಹುಡುಗರು ವರ್ಷ ಎಷ್ಟು ಕಳೆದರೂ ಅಷ್ಟೇ ಎತ್ತರ. ಒಂದು ಸಲ ಹೇಳಿದ ಹಾಸ್ಯವನ್ನೇ ಮೂರು ವರ್ಷ ಬಿಟ್ಟು ಮತ್ತೆ ಹೇಳುತ್ತಿದ್ದರು. ಮುದುಕಿಯನ್ನು ಸಾಯಿಸಿ, ಜನ ಬೈದ ಮೇಲೆ ಅದೆಲ್ಲ ಕನಸಾಗಿತ್ತೆಂದು ಹೇಳಿ ವಾಪಸು ತಂದರು. ನಾಚಿಕೆಯಾಗಬೇಕು. ಗುಲಬರ್ಗಾದ ಒಂದು ಸೈಬರ್ ಕೆಫೆಯಲ್ಲಿ ಅದರ ಹೆಸರು ಹಾಕಿ ಹುಡುಕಿದಾಗ ಜಗತ್ತಿನ ತುಂಬ ನನ್ನಂಥವರೇ ಇದ್ದರು. ಹಳೆಯ ಬರಹಗಾರರು ಬಿಟ್ಟು ಹೋದದ್ದಕ್ಕೆ ಕೆಟ್ಟಿತು ಎಂದು ಒಬ್ಬ, ದುಡ್ಡಿನಾಸೆಗೆ ಎಳೆದರು ಎಂದು ಇನ್ನೊಬ್ಬ, ಕಿತ್ತಾಡುತ್ತಿದ್ದರು. ಮೊದಲ ವರ್ಷಗಳು ಬಂಗಾರ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ನೋಡು, ನಾನೊಬ್ಬಳೇ ಅಲ್ಲ ಎಂದು ಸಮಾಧಾನವಾಯಿತು.

ಸೇಡಂನಲ್ಲಿ ನೌಕರಿ ಸಿಕ್ಕ ಮೇಲೆ ಸಹೋದ್ಯೋಗಿಯೊಬ್ಬರ ತಮ್ಮನ ಕಡೆಯಿಂದ ಆ ಬಂಗಾರದ ವರ್ಷಗಳ ಸೀಡಿ ತರಿಸಿದೆ. ನನಗೆ ಬೇಕಾಗಿದ್ದದ್ದು ಒಂದೇ ಕಂತು. ವೈನಿಗೆ ತವರಿನವರು ಏನು ಉತ್ತರ ಕೊಟ್ಟರೆಂದು ತಿಳಿಯಬೇಕಿತ್ತು. ಭಾನುವಾರ ಬಾಗಿಲು ಹಾಕಿಕೊಂಡು ಒಂದೊಂದೇ ನೋಡುತ್ತ ಹೋದೆ. ಎಲ್ಲೂ ಪ್ಯಾಸೆಂಜರು ತಡವಾಗಿರಲಿಲ್ಲ. ಮುದುಕಿ ಉಪವಾಸ ಮಾಡಿರಲಿಲ್ಲ, ಅವಳ ಮಾತೆಲ್ಲ ಹಲ್ಲಿನ ಸೆಟ್ಟಿನದು. ಕೊನೆಗೆ ಆ ಕಂತು ಸಿಕ್ಕಿತು. ಅದೇ ಚೀಲ, ಅದೇ ಬಾಗಿಲು. ಆ ಇಬ್ಬರು ಪಕ್ಕದ ಮನೆಯವರು. ವೈನಿ ಅವರ ಇಸ್ತ್ರಿಪೆಟ್ಟಿಗೆ ಎರವಲು ತಂದಿದ್ದಳು, ಸುಟ್ಟುಹೋಯಿತು ಎಂದು ಚೀಲದಿಂದ ತೆಗೆದು ಕೊಡುತ್ತಾಳೆ. ಪರವಾಗಿಲ್ಲ ಎನ್ನುತ್ತಾರೆ ಅವರು. ಅಷ್ಟೇ. ನಾನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. ಇಸ್ತ್ರಿಪೆಟ್ಟಿಗೆಯೇ. ಆ ಕಾರ್ಟೂನು ಕೆಡಲಿಕ್ಕೆ ಮೊದಲು ಚೆನ್ನಾಗಿಯೇ ಇರಲಿಲ್ಲ.

ಮರುವಾರವೇ ಸುಲೇಪೇಟಕ್ಕೆ ಹೋದೆ. ಅಕ್ಕ ಚಹಾ ಮಾಡಿಕೊಟ್ಟಳು. ಆ ಮನೆಯಲ್ಲಿ ಅವಳು ಓಡಾಡುವುದು ಕೇಳಿಸುವುದೇ ಇಲ್ಲ. ಹಿಂದೆ ನಿಂತಿದ್ದಾಳೆಂದು ತಿರುಗಿದಾಗಲೇ ಗೊತ್ತಾಗುವುದು. ಭಾವ ಪಡಸಾಲೆಯಲ್ಲಿ ಟಿ.ವಿ. ನೋಡುತ್ತಿದ್ದರು, ನನ್ನ ಕಡೆ ಒಂದು ಸಲ ತಲೆಯಾಡಿಸಿದರು. ಅಡಿಗೆಮನೆಯಲ್ಲಿ ಕೂತು ನಾನು ಕಾರ್ಟೂನಿನ ಮಾತೆತ್ತಿದೆ. ಆಗ ನೀನು ಎಷ್ಟು ಚಂದ ಹೇಳುತ್ತಿದ್ದೆ ಎಂದೆ. ಯಾವ ಕಾರ್ಟೂನು ಎನ್ನುವಂತೆ ನೋಡಿದಳು.

“ನನಗ ಇಂಗ್ಲಿಷ್ ಎಲ್ಲಿ ಬರ್ತಿತ್ತು?” ಎಂದಳು. ಸಿಟ್ಟಿಲ್ಲ, ದುಃಖವಿಲ್ಲ. ನನ್ನ ಕಪ್ಪು ತೊಳೆದು ಬೋರಲು ಹಾಕಿದಳು. ನಾನು ಹೊರಡುವ ತನಕ ಮತ್ತೆ ಮಾತಾಡಲಿಲ್ಲ. ಸತ್ತವರನ್ನು ಕನಸಿನಲ್ಲಿ ಕಂಡು ಎದ್ದ ಹಾಗಿತ್ತು, ನಮ್ಮಕ್ಕ ಕಣ್ಣೆದುರಿಗೇ ಕೂತಿದ್ದಳು.

ಅಲ್ಲಿಂದ ನೆಟ್ಟಗೆ ವಾಡಿಗೆ ಹೋದೆ. ಅಪ್ಪ ಪೇಟೆಗೆ ಹೋಗಿದ್ದರು. ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಎಲ್ಲ ಒದರಿದೆ. ಅದರಲ್ಲಿ ತವರುಮನೆಯೇ ಇರಲಿಲ್ಲ ಅವ್ವ, ಹಿಂದಿನ ಖೋಲಿ ಇರಲಿಲ್ಲ, ಪಾಠ ಹೇಳುವುದಿರಲಿಲ್ಲ, ಅಷ್ಟೂ ಅಕ್ಕನದೇ ಮಾತು, ನಮ್ಮನ್ನೇ ಕೇಳುತ್ತಿದ್ದಳು, ನಾವು ಕಾರ್ಟೂನೆಂದು ತಿಳಿದೆವು ಎಂದೆ. ಅವ್ವ ಬೇಳೆಯಿಂದ ಕೈ ತೆಗೆಯಲಿಲ್ಲ. ಒಂದೊಂದೇ ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. ಆಮೇಲೆ ತಲೆಯೆತ್ತದೆ ಹೇಳಿದಳು.

“ನನಗ ಆವತ್ತೇ ಗೊತ್ತಿತ್ತು. ಆಕಿ ಟಿ.ವಿ. ಕಡಿ ನೋಡ್ಲಿಕತ್ತಿರಲಿಲ್ಲ. ನನ್ನ ಮುಖ ನೋಡ್ಕೋತ ಹೇಳ್ಲಿಕತ್ತಿದ್ಲು. ನಾ ಏನರೆ ಅನ್ನಬೇಕಿತ್ತು. ನಾ ನಕ್ಕೆ.”